ಮರದ ಕುಂಬಳಕಾಯಿ

ಕಣ್ಣಿಗೆ ಕಾಣದ ತರಕಾರಿಯು ತರಕಾರಿಯಲ್ಲ ಎಂದು ನ್ಯೂ ಮೆಕ್ಸಿಕೋದ ಪಿಯೆದ್ರಾ ಸೇಕಾ ಜಿಲ್ಲೆಯ ಮಕ್ಕಳ ಪೋಷಣಾ ಕಚೇರಿ ತೀರ್ಮಾನಿಸಿದೆ.

ಈ ತೀರ್ಮಾನ ಯುಫೇಮಿಯಾ ತಾಫೋಯಾಳ ಅಡುಗೆಮನೆಗೆ ಬಂದದ್ದು ತನಿಖಾಧಿಕಾರಿ ಲೋರ್ನಾಳ ಜೊತೆಯಲ್ಲಿ, ಸರಿಯಾಗಿ ಊಟದ ಹೊತ್ತಿಗೆ. ದುಡಿಯುವ ತಾಯಂದಿರ ಮಕ್ಕಳನ್ನು ಯುಫೇಮಿಯಾ ಮನೆಯಲ್ಲೇ ನೋಡಿಕೊಳ್ಳುತ್ತಿದ್ದಳು, ಅವರ ಊಟಕ್ಕೆ ದಿನಸಿ ಕೊಡುತ್ತಿದ್ದದ್ದು ಕಚೇರಿ. ಅವರಲ್ಲಿ ಒಸಿಯೆಲ್ ಎಂಬ ಪೋರ ತರಕಾರಿ ಕಂಡರೆ ಬಾಯಿಗೆ ಬೀಗ ಹಾಕುವವನು. ಅದಕ್ಕೇ ಅವಳು ಕುಂಬಳಕಾಯಿಯನ್ನು ನುಣ್ಣಗೆ ಅರೆದು ಪಿಂಟೋ ಕಾಳಿನ ಸಾರಿನಲ್ಲಿ ಅಡಗಿಸುತ್ತಿದ್ದಳು. ಬಂದಾಗ ಕಡ್ಡಿಯಂತಿದ್ದವನ ಕೆನ್ನೆ ಈಗಷ್ಟೇ ತುಂಬಿಕೊಳ್ಳುತ್ತಿತ್ತು.

"ತರಕಾರಿ ಎಲ್ಲಿ?" ಎಂದಳು ಲೋರ್ನಾ.

"ಸಾರಲ್ಲೇ ಇದೆಯಲ್ಲಮ್ಮ."

"ನಂಗೆ ಕಾಣಿಸ್ತಿಲ್ಲ."

"ಅವನಿಗೂ ಕಾಣಿಸ್ಬಾರ್ದು ಅಂತಾನೇ ಅರೆದಿರೋದು!"

"ನಿಯಮದ ಪ್ರಕಾರ ಇದು ಬರೀ ಬಣ್ಣ. ಮುಂದಿನ ಸಲವೂ ಹೀಗೇ ಇದ್ರೆ ದಿನಸಿ ನಿಲ್ಲುತ್ತೆ."

"ಕಾಣೋ ಹಾಗಿಟ್ರೆ ಇವನು ತಿನ್ನಲ್ಲ ತಾಯಿ."

"ತಿನ್ನಬೇಕು ಅಂತ ನಿಯಮದಲ್ಲಿ ಎಲ್ಲೂ ಇಲ್ಲ," ಎಂದು ಲೋರ್ನಾ ಸಮಾಧಾನ ಹೇಳಿದಳು. "ಬಡಿಸಿದ್ರೆ ಸಾಕು."

ಮರುದಿನ ಯುಫೇಮಿಯಾ ಕುಂಬಳದ ಹೋಳು ಬಡಿಸಿದಳು. ಒಸಿಯೆಲ್‌ಗೆ ಗುಮಾನಿ ಬಂತು, ಅವನು ಸಾರನ್ನೂ ಮುಟ್ಟಲಿಲ್ಲ. ದಿನಸಿ ನಿಂತರೂ ಉಪವಾಸ, ನಿಯಮ ಪಾಲಿಸಿದರೂ ಉಪವಾಸ. ಅವಳಿಗೆ ಅಳುವೇ ಬಂತು.

ಗಂಡ ಎಲೀಸಿಯೋ ಸಂತರ ಮರದ ಮೂರ್ತಿ ಕೆತ್ತುವವನು. ಸಂತ ಇಸಿದ್ರೋನ ಮೂರ್ತಿಗೆಂದು ತೆಗೆದಿಟ್ಟ ಮರದ ತುಂಡನ್ನೇ ಅವಳು ಅವನ ಮುಂದಿಟ್ಟಳು.

"ಒಂದು ಕುಂಬಳಕಾಯಿ ಕೆತ್ತಿಕೊಡಿ."

"ಲೇ, ಸಂತರದ್ದು ಕಣೇ ಇದು!"

"ಸಂತರು ಕಾಯ್ತಾರೆ. ಮಗು ಕಾಯಲ್ಲ."

ಲೋರ್ನಾ ಮತ್ತೆ ಬಂದಾಗ ಒಸಿಯೆಲ್‌ನ ತಟ್ಟೆಯಲ್ಲಿ ಪುಟ್ಟ ಕುಂಬಳಕಾಯಿ ವಿರಾಜಮಾನವಾಗಿತ್ತು. ಅವಳು ಉಗುರಿನಿಂದ ತಟ್ಟಿದಳು. ಟಕ್ ಟಕ್.

"ಸ್ವಲ್ಪ ಗಟ್ಟಿ."

"ಚಳಿಗಾಲದ ಕಾಯಿ ಅಲ್ವಾ."

ಮೆತ್ತಗಿರಬೇಕೆಂದು ನಿಯಮದಲ್ಲಿ ಇರಲಿಲ್ಲ. ಅಷ್ಟರಲ್ಲಿ, ದವಡೆಹಲ್ಲು ಬರುತ್ತಿದ್ದ ಒಸಿಯೆಲ್ ಅದನ್ನೆತ್ತಿಕೊಂಡು ಕಚ್ಚತೊಡಗಿದ.

"ತಾನಾಗೇ ತಿಂತಿದ್ದಾನೆ!" ಲೋರ್ನಾಳ ಕಣ್ಣು ಒದ್ದೆಯಾಯಿತು.

ಕಚೇರಿ ಕೂಡಲೇ ಪ್ರಕಟಣೆ ಹೊರಡಿಸಿತು: "ಜಿಲ್ಲೆಯ ಎಲ್ಲ ಮಕ್ಕಳಿಗೂ ಸದರಿ ತರಕಾರಿಯನ್ನು ಬಡಿಸತಕ್ಕದ್ದು. ಊಟದ ನಂತರ ಒರೆಸಿ ಕಪಾಟಿನಲ್ಲಿ ಇಡತಕ್ಕದ್ದು." ಎಲೀಸಿಯೋಗೆ ಕೈತುಂಬ ಕೆಲಸ. ಸಂತರು ಇನ್ನೂ ಕಾಯುತ್ತಿದ್ದಾರೆ.

ಈಗ ಲೋರ್ನಾ ಬಂದಾಗಲೆಲ್ಲ ಮೊದಲು ಮರದ ಕಾಯಿ ಎಣಿಸುತ್ತಾಳೆ, ಬಳಿಕ ಸಾರು ಕಣ್ಣಿಗೆ ಬೀಳದಂತೆ ಗೋಡೆಯತ್ತ ತಿರುಗಿ ಕೂರುತ್ತಾಳೆ. ಒಸಿಯೆಲ್ ಬಟ್ಟಲು ಮುಂದೊಡ್ಡಿ "ಇನ್ನೂ!" ಅನ್ನುತ್ತಾನೆ. ಯುಫೇಮಿಯಾ ಕುಂಬಳ ಅರೆದ ಸಾರನ್ನು ಬಗ್ಗಿಸಿ ಬಡಿಸುತ್ತಾಳೆ.

ಗೋಡೆ ಕಡೆಯಿಂದಲೂ ಒಂದು ಬಟ್ಟಲು ಚಾಚಿಕೊಳ್ಳುತ್ತದೆ.

"ನಂಗೂ ಒಂದು ಸೌಟು ಬಣ್ಣ ಹಾಕಿ."