ನಾಲ್ಕು ಭವಿಷ್ಯ ಮತ್ತು ಒಂದು ಒಗೆಯುವ ಕಲ್ಲು

ನಾಳೆ ತಿಂಡಿಗೆ ಏನು ಮಾಡಲಿ ಎಂದು ಹೆಂಡತಿ ಕೇಳಿದರೆ ಕಣ್ಣು ಕಣ್ಣು ಬಿಡುವವನು ನಾನು. ಅಂಥವನು ಈಗ ಇಪ್ಪತ್ತು ವರ್ಷದ ನಂತರ ದೊಡ್ಡಬಳ್ಳಾಪುರದ ಕಡೆಯ ಹಳ್ಳಿಗಳು ಹೇಗಿರುತ್ತವೆಂದು ಯೋಚಿಸುವುದಕ್ಕೆ ಸಂಬಳ ಪಡೆಯುತ್ತಿದ್ದೇನೆ. ತಪ್ಪು ನನ್ನದಲ್ಲ. ನಮ್ಮ ಸಣ್ಣ ಸೇವಾಸಂಸ್ಥೆಯವರು ನನ್ನನ್ನು ಮೂರು ದಿನದ ತರಬೇತಿಗೆ ಕಳಿಸಿದರು. ಸಮಾಜಕಾರ್ಯದವರು ಕಷ್ಟ ಬಂದ ಮೇಲೆ ಓಡಬಾರದು, ಬರುವ ಮೊದಲೇ ಕಾಣಬೇಕು, ಒಂದಲ್ಲ ನಾಲ್ಕು ಭವಿಷ್ಯಗಳನ್ನು ಊಹಿಸಿ ಇವತ್ತೇ ತಯಾರಾಗಬೇಕು ಎಂದು ಅಲ್ಲಿ ಹೇಳಿಕೊಟ್ಟರು. ಮಧ್ಯಾಹ್ನದ ಊಟಕ್ಕೆ ಎರಡು ಬಗೆಯ ಸಿಹಿ ಇದ್ದುದರಿಂದ ನಾನು ಪೂರ್ತಿ ಒಪ್ಪಿಕೊಂಡೆ.

ಪ್ರಯೋಗಕ್ಕೆ ಸಿಕ್ಕಿದ್ದು ಮಾಕಳಿದುರ್ಗದ ದಾರಿಯ ಒಂದು ಹಳ್ಳಿ. ಅಲ್ಲಿನ ಅಂಗನವಾಡಿ ಬಾಡಿಗೆಯ ಶೀಟಿನ ಮನೆಯಲ್ಲಿತ್ತು. ಬೇಸಿಗೆಯಲ್ಲಿ ಉಪ್ಪಿಟ್ಟಿಗಿಂತ ಮೊದಲು ಮಕ್ಕಳೇ ಬೇಯುತ್ತಿದ್ದವು. ಸ್ವಂತ ಕಟ್ಟಡಕ್ಕೆಂದು ಊರಿನವರು ಬೇವಿನ ಮರದ ಜಾಗ ಬಿಟ್ಟಿದ್ದರು, ಪಂಚಾಯಿತಿ ಕಾಗದ ಮಾತ್ರ ಆಗಿರಲಿಲ್ಲ. ಮಹಿಳಾ ಸಂಘದ ಅಧ್ಯಕ್ಷೆ ಮುನಿಯಮ್ಮ ಹೆಂಗಸರನ್ನೆಲ್ಲ ಸೇರಿಸಿದರು. ನಾನು ದೊಡ್ಡ ಹಾಳೆಗಳಲ್ಲಿ ನಾಲ್ಕು ಭವಿಷ್ಯ ಬರೆದೆ. ನಾಲ್ಕನೆಯದು ಕೆಟ್ಟ ಭವಿಷ್ಯ: ಅದೇ ಬೇವಿನ ಜಾಗ ಸೈಟುಗಳಾಗಿ ಮಾರಾಟ. ಅದನ್ನು ಹಾಳೆಯಲ್ಲಿ ಬಣ್ಣದ ಚೌಕಗಳಾಗಿ ಕತ್ತರಿಸಿ, ನಂಬರ್ ಹಾಕಿ, ಜನ ಹೆದರಲಿ ಎಂದು ಹಾಲಿನ ಡೈರಿಯ ಗೋಡೆಗೆ ಅಂಟಿಸಿದೆ. ಕೆಳಗೆ ಸಲಹೆಗಳಿಗಾಗಿ ನನ್ನ ಫೋನ್ ನಂಬರ್. ನಮ್ಮ ಜಿಲ್ಲೆಯಲ್ಲಿ ಗೋಡೆಯ ಮೇಲೆ ನಂಬರಿನ ಚೌಕ ಕಂಡರೆ ಯಾರೂ ಹೆದರುವುದಿಲ್ಲ, ಅಡ್ವಾನ್ಸ್ ಎಷ್ಟು ಎಂದು ಕೇಳುತ್ತಾರೆ. ಇಲ್ಲೇ ಹುಟ್ಟಿ ಬೆಳೆದ ನನಗೆ ಇದು ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಫೋನ್ ಬಂತು. ದೇವನಹಳ್ಳಿ ಕಡೆಯ ಬ್ರೋಕರ್ ಅಂತೆ.

"ಗುರು, ಕಾರ್ನರ್ ಸೈಟು ಇದ್ಯಾ, ಹೋಯ್ತಾ?"

"ಅದು ಇಪ್ಪತ್ತು ವರ್ಷ ಆದ್ಮೇಲಿಂದು ಕಣಪ್ಪಾ," ಅಂದೆ.

"ಪರ್ವಾಗಿಲ್ಲ, ಪಾರ್ಟಿ ಕಾಯ್ತಾರೆ. ಈಗ್ಲೇ ಬಂದು ಅಳ್ಕೊಂಡು ಹೋಗ್ತೀನಿ. ನಿಮಗೂ ಒಂದು ಹಿಡಿಸ್ಲಾ?"

ಮುಚ್ಚಿಡುವುದೇಕೆ? ಪೂರ್ವದ ಬಾಗಿಲು ಬರುತ್ತಾ ಎಂದು ನಾನೂ ಒಂದು ಮಾತು ಕೇಳಿಬಿಟ್ಟೆ. ಫೋನ್ ಇಟ್ಟ ಮೇಲೆ ತಲೆಗೆ ಹೊಳೆಯಿತು. ಕಾಗದವಿಲ್ಲದ ಜಾಗ, ಒಮ್ಮೆ ಟೇಪು ಬಿದ್ದರೆ ಅಂಗನವಾಡಿ ಶೀಟಿನ ಕೆಳಗೇ ಉಳಿಯುತ್ತದೆ. ಇಪ್ಪತ್ತು ವರ್ಷಕ್ಕೆ ಬರಬೇಕಾದ ಕೇಡನ್ನು ನಾನೇ ಮರುದಿನಕ್ಕೆ ಕರೆಸಿದ್ದೆ. ಆ ಮಕ್ಕಳನ್ನು ನೆನೆದು ನಿಜಕ್ಕೂ ನಾಚಿಕೆಯಾಯಿತು.

ಬೈಕಿನಲ್ಲಿ ಓಡಿದೆ. ಬೇವಿನ ಮರದ ಬುಡದಲ್ಲಿ ಒಂದು ಕಲ್ಲು ನಿಂತಿತ್ತು. ಅರಿಶಿನ, ಕುಂಕುಮ, ಚೆಂಡುಹೂವು, ನಿಂಬೆಹಣ್ಣು, ಯಾವುದಕ್ಕೂ ಕೊರತೆಯಿಲ್ಲ. ಬ್ರೋಕರ್ ದೂರದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ.

"ಮುನೇಶ್ವರ ಕಣಪ್ಪಾ," ಎನ್ನುತ್ತಿದ್ದರು ಮುನಿಯಮ್ಮ. "ಅಳೀಬೇಕಾ, ಅಳ್ಕೋ. ಆಮೇಲೆ ಕೈಕಾಲಿಗೆ ಏನಾರ ಆದ್ರೆ ನನ್ನ ಕೇಳ್ಬ್ಯಾಡ."

ಅವನು ಟೇಪನ್ನು ಜೇಬಿಗಿಳಿಸಿ, ದೂರದಿಂದಲೇ ಕೈ ಮುಗಿದು ಹೊರಟ. ನಾನು ಹತ್ತಿರ ಹೋಗಿ ನೋಡಿದೆ. ಕುಂಕುಮದ ಸಂದಿಯಲ್ಲಿ ಸೋಪಿನ ನೀಲಿ ಕಾಣುತ್ತಿತ್ತು.

"ಮುನಿಯಮ್ಮ, ಇದು ನಿಮ್ಮನೆ ಬಟ್ಟೆ ಒಗೆಯೋ ಕಲ್ಲಲ್ವಾ?"

"ನೆನ್ನೆಗಂಟ ಆಗಿತ್ತು ಸಾ. ಡೈರಿ ಗೋಡೆ ಮುಂದೆ ಜನ ಮುತ್ಕಂಡಿದ್ ನೋಡಿ ಆಗ್ಲೇ ಹೊರಿಸ್ಬುಟ್ಟೆ. ನೀವು ಇಪ್ಪತ್ತು ವರ್ಷ ನೋಡ್ಕಳಿ, ಮದ್ಯಾನ ಏನಾಯ್ತದೆ ಅಂತ ನಾವು ನೋಡ್ಕತೀವಿ."

ಹೀಗೆ ಸಿಕ್ಕ ಬಿಡುವಿನಲ್ಲಿ ಪಂಚಾಯಿತಿ ಕಾಗದವೂ ಆಯಿತು, ಅಂಗನವಾಡಿಗೆ ಪಾಯವೂ ಬಿತ್ತು. ನಾನು ವರದಿಯಲ್ಲಿ 'ಸಮುದಾಯವೇ ರೂಪಿಸಿದ ಐದನೆಯ ಭವಿಷ್ಯ' ಎಂದು ಬರೆದು ಚಪ್ಪಾಳೆ ಗಿಟ್ಟಿಸಿದೆ. ಕಲ್ಲಿನ ಬಗ್ಗೆ ಬರೆಯಲಿಲ್ಲ. ಅದು ಮನೆಗೆ ಮರಳಲೂ ಇಲ್ಲ; ಊರಿನವರು ಹರಕೆ ಹೊರತೊಡಗಿದ್ದರು. ಮುನಿಯಮ್ಮ ಬೇರೆ ಕಲ್ಲು ಕೊಂಡರು.

ಹೋದ ವಾರ ನನ್ನ ಕೆಲಸದ ಒಪ್ಪಂದ ಮುಂದುವರಿಯುತ್ತದೋ ಇಲ್ಲವೋ ಎಂಬ ಪ್ರಶ್ನೆ ಎದ್ದಿತು. ನಾಲ್ಕು ಭವಿಷ್ಯ ಬರೆಯುವ ವ್ಯವಧಾನ ನನಗಿರಲಿಲ್ಲ. ಆ ಊರಿಗೆ ಹೋಗಿ, ಅತ್ತಿತ್ತ ನೋಡಿ, ಶೂ ಬಿಚ್ಚಿ ಆ ಕಲ್ಲಿಗೆ ಮೂರು ಸುತ್ತು ಹಾಕಿ, ಕಣ್ಣು ಮುಚ್ಚಿ ಕೈ ಮುಗಿದೆ. ಕಣ್ಣು ಬಿಟ್ಟರೆ ಎದುರಿಗೇ ಮುನಿಯಮ್ಮ.

"ಎರಡು ಕಾಯಿ ತನ್ನಿ ಸಾ," ಅಂದರು. "ಒಂದು ನಿಮ್ಮ ಕೆಲಸಕ್ಕೆ. ಇನ್ನೊಂದು ತಪ್ಪುಕಾಣಿಕೆಗೆ. ಪೂರ್ವದ ಬಾಗಿಲು ಬತ್ತದಾ ಅಂತ ಕೇಳಿದ್ರಂತಲ್ಲ, ಆ ಬ್ರೋಕರಪ್ಪ ಹೇಳ್ದ."

ನಾನು ಎರಡೂ ತಂದೆ.