ನಡುಮನೆಯ ಕುಣಿ ಮತ್ತು ನನ್ನ ಮರ್ಯಾದೆ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಅಂದ ಹಿರಿಯರು, ಮಂದಿಯ ಮನೆಗೆ ನಕ್ಷೆ ಬರೆದು ನೋಡು ಅನ್ನುವುದನ್ನು ಯಾಕೆ ಬಿಟ್ಟರೋ ತಿಳಿಯದು. ಅವರು ಬಿಟ್ಟದ್ದನ್ನು ನಾನು ಹಿಡಿದುಕೊಂಡೆ. ಅಂದಿನಿಂದ ವಾರಕ್ಕೊಂದು ನನ್ನ ಮರ್ಯಾದೆ ಕಳೆಯುವ ಪ್ರಸಂಗ ನಡೆಯುತ್ತಲೇ ಇದೆ.

ನಾನು ತೆಲಂಗಾಣದ ಮಕ್ತಲ್‌ನವಳು, ಆರ್ಕಿಟೆಕ್ಟ್. ಹೈದರಾಬಾದಿನ ದೊಡ್ಡ ಕಂಪನಿಯಲ್ಲಿ ಕೆಲವು ವರ್ಷ ಗಾಜಿನ ಕಟ್ಟಡಗಳಿಗೆ ಗೆರೆ ಎಳೆದು ಬೇಸತ್ತು, ಊರಿಗೆ ಬಂದು ಸಿಮೆಂಟ್ ಅಂಗಡಿಯ ಮಾಳಿಗೆಯ ಮೇಲೆ ಬೋರ್ಡು ಹಾಕಿದೆ. ನಮ್ಮ ಕಡೆಯ ಮನೆಗಳನ್ನೂ ಹೊಸ ರೀತಿಯಲ್ಲಿ ಕಟ್ಟಬಹುದೆಂದು ತೋರಿಸುವ ಹುಮ್ಮಸ್ಸು. ಕಂಪನಿಯ ಸಾಹೇಬರು ನಕ್ಕು, "ಒಂದು ವರ್ಷ ನಿನ್ನ ಕುರ್ಚಿ ಖಾಲಿ ಇಟ್ಟಿರ್ತೀನಿ" ಅಂದಿದ್ದರು. ಅಪ್ಪ ನಗಲಿಲ್ಲ. "ವರ್ಷದಾಗ ಒಂದು ಪೂರಾ ಮನಿ ಕಟ್ಟಿ ತೋರ್ಸು. ಇಲ್ಲಂದ್ರ ಬಾಯಿ ಮುಚ್ಕೆಂಡು ಹೈದರಾಬಾದ್ ಬಸ್ ಹತ್ತು" ಅಂದರು.

ಆಫೀಸು ತೆರೆದ ಮೊದಲ ದಿನ ಮೆಟ್ಟಿಲು ಹತ್ತಿ ಬಂದ ಹಿರಿಯರೊಬ್ಬರು ಸುತ್ತ ಕಣ್ಣಾಡಿಸಿ, "ಇಂಜಿನೀರ್ ಸಾಬ್ ಎಲ್ಲಿ ಅದಾರಮ್ಮಾ?" ಅಂದರು.

"ನಾನೇ ರೀ."

"ಹೌದು, ನೀವು ಅದೀರಿ. ಅವರು ಯಾವಾಗ ಬರ್ತಾರ?"

ಅವರು ಅರ್ಧ ಗಂಟೆ ಕಾದು, ಚಹಾ ಕುಡಿದು, ನಾಳೆ ಬರುತ್ತೇನೆಂದು ಹೇಳಿ ಹೋದರು.

ಅಲುಗಾಡಿದರೆ ಬೆಳಕು

ಮೊದಲು ಸಿಕ್ಕ ಕೆಲಸ ಗದ್ವಾಲದ ಒಬ್ಬ ವಕೀಲರ ಆಫೀಸು. "ಹೈದರಾಬಾದಿನಾಗ ಹೆಂಗಿರ್ತೈತೋ ಹಂಗ ಇರಬೇಕು" ಅನ್ನುವುದೊಂದೇ ಅವರ ಅಪ್ಪಣೆ. ಹಳೆಯ ಬೀರುಗಳನ್ನೆಲ್ಲ ಗೋಡೆಯೊಳಗೆ ಸೇರಿಸಿದೆ, ಗಾಜಿನ ತಡಿಕೆ ಹಾಕಿದೆ, ಕರೆಂಟು ದಂಡವಾಗಬಾರದೆಂದು ಸೆನ್ಸರ್ ದೀಪ ಕೂಡಿಸಿದೆ. ಕೋಣೆಯಲ್ಲಿ ಯಾರಾದರೂ ಅಲುಗಾಡಿದರೆ ದೀಪ ಹತ್ತುತ್ತದೆ. ಐದು ನಿಮಿಷ ಯಾರೂ ಅಲುಗಾಡದಿದ್ದರೆ ತಾನೇ ಆರುತ್ತದೆ. ವಕೀಲರು ಒಳಗೆ ಹೊರಗೆ ನಾಲ್ಕು ಸಲ ಓಡಾಡಿ ನೋಡಿ ಖುಷಿಪಟ್ಟರು.

ಆದರೆ ಆ ಆಫೀಸನ್ನು ನಡೆಸುವವರು ವಕೀಲರಲ್ಲ, ಅವರ ಮುನ್ಶಿ. ತಂದೆಯ ಕಾಲದಿಂದ ಇರುವ ವಯಸ್ಸಾದ ಗುಮಾಸ್ತ. ನಿಜಾಮರ ಕಾಲದ ಉರ್ದು ದಸ್ತಾವೇಜು ಓದುವವರು ಆ ಬೀದಿಯಲ್ಲಿ ಅವರೊಬ್ಬರೇ. ಓದಲು ಕೂತರೆಂದರೆ ರೆಪ್ಪೆ ಕೂಡ ಅಲುಗುವುದಿಲ್ಲ. ಐದು ನಿಮಿಷಕ್ಕೊಮ್ಮೆ ದೀಪ ಆರತೊಡಗಿತು. ಮುನ್ಶಿ ಕಾಗದದಿಂದ ಕಣ್ಣು ತೆಗೆಯದೆ ಕೈ ಮೇಲೆತ್ತಿ ಆಡಿಸುವುದು ರೂಢಿ ಮಾಡಿಕೊಂಡರು. ಎದುರು ಕೂತ ಕಕ್ಷಿದಾರರು, ತಮ್ಮನ್ನು ಎದ್ದು ಹೋಗು ಅನ್ನುತ್ತಿದ್ದಾರೆಂದು ತಿಳಿದು ಕೈಮುಗಿದು ಹೊರಟುಬಿಡುತ್ತಿದ್ದರು. ಒಂದೇ ವಾರದಲ್ಲಿ ಮೂವರು ಎದುರಿನ ವಕೀಲರ ಬಳಿ ಹೋಗಿ ಕೂತಿದ್ದರು.

ವಕೀಲರು ಫೋನು ಮಾಡಿ ಗದರಿದರು. ದೀಪ ಬದಲಿಸೋಣವೆಂದು ತಿಂಗಳು ಬಿಟ್ಟು ಹೋದೆ. ನೋಡಿದರೆ ದೀಪ ಝಗಝಗ ಉರಿಯುತ್ತಿದೆ, ಮುನ್ಶಿ ಕಲ್ಲಿನಂತೆ ಕೂತು ಓದುತ್ತಿದ್ದಾರೆ. ಮೂಲೆಯಲ್ಲಿ ಟೇಬಲ್ ಫ್ಯಾನ್ ಒಂದು ಆ ಕಡೆ ಈ ಕಡೆ ಮುಖ ತಿರುಗಿಸುತ್ತಿದೆ. ಅದರ ಕೊರಳಿಗೆ ಅವರದೇ ಕೆಂಪಂಚಿನ ಟವಲ್ಲು ಕಟ್ಟಿದೆ. ಫ್ಯಾನು ತಿರುಗಿದಾಗೆಲ್ಲ ಟವಲ್ಲು ಪಟಪಟ ಹಾರುತ್ತದೆ, ಅದನ್ನು ಮನುಷ್ಯನೆಂದು ತಿಳಿದು ಸೆನ್ಸರು ದೀಪ ಆರಿಸುವುದಿಲ್ಲ.

"ಇದೇನು ಮುನ್ಶಿಜಿ?" ಅಂದೆ.

"ಕರೆಂಟ್ ಉಳಿಸಾಕ ನೀವು ದೀಪ ಹಾಕ್ಸಿದ್ರಿ. ದೀಪ ಉಳಿಸಾಕ ನಾ ಫ್ಯಾನ್ ಹಾಕೀನಿ" ಅಂದರು, ಕಾಗದದಿಂದ ಕಣ್ಣು ತೆಗೆಯದೆ.

ಹೊಳೆಗೆ ಬೆನ್ನು

ಕೃಷ್ಣಾ ದಂಡೆಯ ಒಬ್ಬ ರೈತರು ತಮ್ಮ ಮನೆಯ ಮಾಳಿಗೆಯ ಮೇಲೆ ಒಂದು ಕೋಣೆ ಬೇಕೆಂದು ಬಂದರು. ಪೂರಾ ಮನೆಯಲ್ಲ, ಒಂದೇ ಕೋಣೆ. ಆದರೂ ಜಾಗ ನೋಡಿ ನನಗೆ ಎದೆ ತುಂಬಿ ಬಂತು. ಮಾಳಿಗೆ ಹತ್ತಿದರೆ ಕೃಷ್ಣಾ ಹೊಳೆ ಉದ್ದಕ್ಕೂ ಕಾಣುತ್ತದೆ. ಬಂಡೆಗಳ ನಡುವೆ ನೀರು, ಆಚೆ ದಂಡೆಯಲ್ಲಿ ಭತ್ತದ ಹಸಿರು. ಹೈದರಾಬಾದಿನಲ್ಲಿ ಇಂಥ ನೋಟಕ್ಕಾಗಿ ಜನ ಸಾಯುತ್ತಾರೆ.

ಹೊಳೆಯ ಕಡೆಗೆ ನೆಲದಿಂದ ಸೂರಿನವರೆಗೆ ಗಾಜು, ರಸ್ತೆಯ ಕಡೆಗೆ ಗಟ್ಟಿ ಗೋಡೆ, ಅದರ ಮೇಲುಗಡೆ ಗಾಳಿಗೆ ಸಣ್ಣ ಕಿಂಡಿ. ರೈತರು ನಕ್ಷೆ ನೋಡಿ ಏನೂ ಅನ್ನಲಿಲ್ಲ. ದೊಡ್ಡವರು, ಹೆಣ್ಣುಮಗಳ ಮನಸ್ಸು ನೋಯಿಸಬಾರದೆಂದು ಸುಮ್ಮನಿದ್ದರು ಅಂತ ಆಮೇಲೆ ತಿಳಿಯಿತು.

ಕೋಣೆ ಮುಗಿದ ಮೇಲೆ ಫೋಟೋ ತೆಗೆಯಲು ಹೋದೆ. ರೈತರು ಮಂಚವನ್ನು ರಸ್ತೆಯ ಗೋಡೆಗೆ ಒತ್ತರಿಸಿ, ಅದರ ಮೇಲೆ ಕುರ್ಚಿ ಇಟ್ಟು, ಕುರ್ಚಿಯ ಮೇಲೆ ಹತ್ತಿ, ನನ್ನ ಸಣ್ಣ ಕಿಂಡಿಯಲ್ಲಿ ಮುಖವಿಟ್ಟು ರಸ್ತೆ ನೋಡುತ್ತಿದ್ದರು. ಬೆನ್ನ ಹಿಂದೆ ಇಡೀ ಕೃಷ್ಣಾ ಹೊಳೆ ಥಳಥಳ ಹೊಳೆಯುತ್ತಿತ್ತು.

"ಕಾಕಾ, ಹೊಳಿ ಈ ಕಡಿ ಐತಲ್ರಿ" ಅಂದೆ. ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು.

ಕಾಕಾ ಇಳಿಯದೆ ಅಲ್ಲಿಂದಲೇ ಹೇಳಿದರು. "ಹೊಳಿ ಎಲ್ಲಿಗಿ ಹೋಕ್ಕೈತಿ ತಂಗಿ? ನಾಳಿ ನೋಡಿದ್ರೂ ಅಲ್ಲೇ ಇರ್ತೈತಿ. ರಸ್ತಾದಾಗ ಹೋದವರು ಮತ್ತ ಸಿಗ್ತಾರೇನು?"

ಸೋಫಾದ ಮೇಲಿನಾಕೆ

ವರ್ಷ ಅರ್ಧ ಕಳೆದಿತ್ತು. ಮುನ್ಶಿಯ ಟವಲ್ಲು ನೋಡಿ ನಗುತ್ತ ನಗುತ್ತ ವಕೀಲರೇ ನನ್ನನ್ನು ನಾರಾಯಣಪೇಟೆಯ ಒಬ್ಬ ಸೀರೆ ಸಾಹುಕಾರರ ಹತ್ತಿರ ಕಳಿಸಿದರು. ಪೂರಾ ಮನೆ. ಎರಡಂತಸ್ತು. "ನಾರಾಯಣಪೇಟ್ಯಾಗ ಯಾರ ಮನ್ಯಾಗೂ ಇಲ್ಲದ್ದು ಏನರ ಮಾಡ್ರಿ" ಎಂದು ಸಾಹುಕಾರರು ಸ್ವಾತಂತ್ರ್ಯ ಕೊಟ್ಟರು. ಅಪ್ಪನ ಬಸ್ಸಿನ ಮಾತಿಗೆ ಉತ್ತರ ಕೊಡುವ ಕೆಲಸ ಇದೇ ಅಂತ ಟೊಂಕ ಕಟ್ಟಿದೆ.

ಆ ಮನೆಯಲ್ಲಿ ಮೂವರು. ಸಾಹುಕಾರರು, ಅವರ ಹೆಂಡತಿ, ಅವರ ತಾಯಿ. ತಾಯಿಯನ್ನು ಓಣಿಯವರೆಲ್ಲ ಅವ್ವ ಅನ್ನುತ್ತಾರೆ. ಮಗ ಸಾಹುಕಾರನಾದರೂ ಅವ್ವ ಹಳೆಯ ಮನೆಯ ಪಡಸಾಲೆಯಲ್ಲಿ ದಿನಾ ಮಗ್ಗಕ್ಕೆ ಕೂಡುವುದನ್ನು ಬಿಟ್ಟಿರಲಿಲ್ಲ.

ನಕ್ಷೆ ಯಾರಿಗೂ ತಿಳಿಯುವುದಿಲ್ಲವೆಂದು ಮನೆ ಮುಗಿದ ಮೇಲೆ ಹೇಗೆ ಕಾಣುತ್ತದೆ ಅನ್ನುವ ಬಣ್ಣದ ಚಿತ್ರವನ್ನು ಕಂಪ್ಯೂಟರಿನಲ್ಲಿ ಮಾಡಿ ತೋರಿಸಿದೆ. ಸಾಹುಕಾರರ ಹೆಂಡತಿ ಸೂರು ನೋಡಲಿಲ್ಲ, ನೆಲ ನೋಡಲಿಲ್ಲ.

"ಈಕಿ ಯಾರು?" ಅಂದರು.

ಚಿತ್ರದ ಸೋಫಾದ ಮೇಲೆ ಪ್ಯಾಂಟು ತೊಟ್ಟ ಬಾಬ್ ಕಟ್ ಹೆಂಗಸೊಬ್ಬಳು ಕಾಲ ಮೇಲೆ ಕಾಲು ಹಾಕಿ ಕಾಫಿ ಕುಡಿಯುತ್ತಿದ್ದಳು.

"ಆಕಿ ಯಾರೂ ಅಲ್ರಿ ವೈನಿ. ಕಂಪ್ಯೂಟರ್ ಬೊಂಬಿ. ಸೋಫಾದ ಅಳತಿ ತಿಳೀಲಿ ಅಂತ ಕೂಡ್ಸಿರ್ತೀವಿ."

"ಮನಿ ನಮ್ಮದು, ಅಳತಿ ಆಕಿದು ಯಾಕ?"

ಸಾಹುಕಾರರು ಬೊಂಬೆಯ ಕಡೆ ಇನ್ನೊಮ್ಮೆ ನೋಡಿ, ಹೆಂಡತಿಯ ಕಣ್ಣಿಗೆ ಬಿದ್ದು, ಸೂರು ನೋಡತೊಡಗಿದರು. ಮುಂದಿನ ವಾರ ಆಕೆಯನ್ನು ತೆಗೆದು, ನಾರಾಯಣಪೇಟೆಯ ಚೌಕಡಿ ಸೀರೆ ಉಟ್ಟ ಹೆಂಗಸನ್ನು ಕೂಡಿಸಿಕೊಂಡು ಹೋದೆ. ಈಗ ಗೆದ್ದೆ ಅಂದುಕೊಂಡೆ. ಈ ಸಲ ಸಾಹುಕಾರರೇ ಕನ್ನಡಕ ಏರಿಸಿ ಪರದೆಗೆ ಮೂಗು ಹಚ್ಚಿದರು. ಅವರ ಮುಖ ಕಪ್ಪಿಟ್ಟಿತು.

"ಈ ಅಂಚು ನಮ್ಮ ಅಂಗಡಿದಲ್ಲ. ಎದುರಿನ ಅಂಗಡಿಯವಂದು. ಅವನ ಸೀರಿ ನಮ್ಮ ಮನ್ಯಾಗ ಬಂದು ಕುಂತೈತಿ."

ಮೂರನೇ ಸಲ ಅವರ ಅಂಗಡಿಗೇ ಹೋಗಿ, ಸೀರೆ ಹರವಿಸಿ, ಫೋಟೋ ಹಿಡಿದು, ಅದನ್ನೇ ಬೊಂಬೆಗೆ ಉಡಿಸಿದೆ. ಗಂಡ ಹೆಂಡತಿ ಇಬ್ಬರೂ ಪಸಂದ್ ಅಂದರು. ಅಲ್ಲಿಯವರೆಗೆ ಸುಮ್ಮನೆ ಕೂತಿದ್ದ ಅವ್ವ ಹತ್ತಿರ ಬಂದು ಚಿತ್ರವನ್ನು ಮೂಲೆ ಮೂಲೆ ನೋಡಿದರು.

"ಸೀರಿ ಚಂದ ಐತಿ. ನೇಯಾಕಿ ಎಲ್ಲಿ ಕೂಡ್ತಾಳ?"



ನಡುಮನೆಯ ಕುಣಿ

ಅವ್ವನದು ಕುಣಿ ಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತು ತುಳಿಯುವ ಮಗ್ಗ. ಹೊಸ ಮನೆಗೆ ಅದು ಬೇಡವೆಂದು ಸಾಹುಕಾರರು ನನಗೆ ಮೊದಲೇ ಹೇಳಿದ್ದರು. "ಗೋದಾಮಿನ್ಯಾಗ ಇಡೋಣವ್ವಾ" ಅಂತ ತಾಯಿಗೆ ಹೇಳಿದರು.

"ಮಗ್ಗ ಇಲ್ಲದ ಮನ್ಯಾಗ ನಾ ಕಾಲಿಡಂಗಿಲ್ಲ" ಅಂದರು ಅವ್ವ.

ಹಿರಿಯಾಕೆ ಕಾಲಿಡದ ಮನೆಗೆ ಗೃಹಪ್ರವೇಶ ಹೇಗಾದೀತು? ಸಾಹುಕಾರರು ನನ್ನನ್ನು ಬದಿಗೆ ಕರೆದು, "ಅವ್ವ ಬರಲಿಲ್ಲಂದ್ರ ಮನಿ ಕಟ್ಟಿನೂ ಬೀಗ ಹಾಕೋದೇ. ಏನರ ಉಪಾಯ ಮಾಡ್ರಿ" ಅಂದರು. ಬೀಗ ಬಿದ್ದ ಮನೆಯನ್ನು ಅಪ್ಪನಿಗೆ ಹೇಗೆ ತೋರಿಸಲಿ? ನನಗೆ ಉಪಾಯ ಹೊಳೆಯಲಿಲ್ಲ. ರಾತ್ರಿ ಹಗಲು ಹೈದರಾಬಾದ್ ಬಸ್ಸಿನ ಹಾರ್ನೇ ಕಿವಿಯಲ್ಲಿ.

ಇತ್ತ ನಡುಮನೆಯಲ್ಲಿ ನನ್ನ ಹೆಮ್ಮೆಯ ಕೆಲಸ ಸಾಗಿತ್ತು. ನೆಲವನ್ನು ಎರಡಡಿ ತಗ್ಗಿಸಿ, ಚೌಕವಾಗಿ, ನಾಲ್ಕು ಮೆಟ್ಟಿಲು ಇಳಿದು ಸೋಫಾದಲ್ಲಿ ಕೂಡುವ ಜಾಗ. ದೊಡ್ಡ ಊರುಗಳಲ್ಲಿ ಈಗ ಅದೇ ನಡೆಯುತ್ತಿದೆ. ಅದರ ನೇರಕ್ಕೆ ಮಾಳಿಗೆಯಲ್ಲಿ ದೊಡ್ಡ ಗಾಜಿನ ಬೆಳಕಿಂಡಿ. ಮೇಸ್ತ್ರಿ ತೋಡುವಾಗ ಮೂರು ಸಲ ಬಂದು ಕೇಳಿದ. "ಅಮ್ಮಾ, ನೀರಿನ ಸಂಪೇನ್ರಿ? ಪೈಪ್ ಎಲ್ಲಿಂದ ಬರ್ತೈತಿ?"

"ಕೂಡೋ ಜಾಗ ಮೇಸ್ತ್ರಿ."

"ಕೂಡಾಕ ತಗ್ಗು ಯಾಕ್ರಿ?" ಎಂದು ಅವನು ತಲೆ ಕೆರೆದುಕೊಂಡು ಹೋಗುತ್ತಿದ್ದ.

ಒಂದು ಮುಂಜಾನೆ ನಾನೂ ಸಾಹುಕಾರರೂ ಅಲ್ಲಿದ್ದಾಗ ಅವ್ವ ಓಣಿಯ ನಾಲ್ಕೈದು ನೇಕಾರ ಹೆಂಗಸರನ್ನು ಕಟ್ಟಿಕೊಂಡು ಕಟ್ಟಡ ನೋಡಲು ಬಂದರು. ನಡುಮನೆಗೆ ಬಂದವರೇ ನಿಂತುಬಿಟ್ಟರು. ತಗ್ಗು ನೋಡಿದರು. ಮೇಲೆ ಬೆಳಕಿಂಡಿ ನೋಡಿದರು. ಚಪ್ಪಲಿ ಬಿಟ್ಟು ಅಂಚಿಗೆ ಕೂತು, ಕಾಲು ಇಳಿಬಿಟ್ಟು, ಮಗ್ಗ ತುಳಿದಂತೆ ಒಂದಾದ ಮೇಲೊಂದು ಪಾದ ಆಡಿಸಿದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಗಟ್ಟಿಯಾಗಿ ಅಂದರು.

"ನೋಡ್ರೆ, ಬಾಯಾಗ ಬ್ಯಾಡ ಅಂದ ನನ್ನ ಮಗ, ಮನಸ್ಸಿನ್ಯಾಗ ಕುಣಿ ತೋಡ್ಸ್ಯಾನ. ಅದೂ ನಡುಮನ್ಯಾಗ."

ಹೆಂಗಸರು ಸಾಹುಕಾರರನ್ನು ಹರಸತೊಡಗಿದರು. ಇಂಥ ಮಗ ಓಣಿಗೊಬ್ಬ ಇದ್ದರೆ ಸಾಕು ಅಂದರು ಒಬ್ಬರು. ಸಾಹುಕಾರರು ನನ್ನ ಮುಖ ನೋಡಿದರು, ನಾನು ಮೇಸ್ತ್ರಿಯ ಮುಖ ನೋಡಿದೆ, ಮೇಸ್ತ್ರಿ ಈಗ ತಿಳಿಯಿತು ಅನ್ನುವಂತೆ ತಲೆಯಾಡಿಸಿದ. ನಾವು ಬಾಯಿ ತೆರೆಯುವುದರೊಳಗೆ ಯಾರೋ ಸೊಂಟದ ಸಂಚಿಯಿಂದ ಅರಿಶಿನ ಕುಂಕುಮ ತೆಗೆದು ಅಂಚಿಗೆ ಹಚ್ಚಿಬಿಟ್ಟರು. ಕುಂಕುಮ ಬಿದ್ದ ಕುಣಿಯಲ್ಲಿ ಸೋಫಾ ಇಡುವ ಎದೆಗಾರಿಕೆ ನಾರಾಯಣಪೇಟೆಯಲ್ಲಿ ಯಾರಿಗೂ ಇಲ್ಲ.

ವರ್ಷ ತುಂಬುವುದರೊಳಗೆ ಗೃಹಪ್ರವೇಶ ಅವ್ವನ ಕಾಲಿನಿಂದಲೇ ಆಯಿತು. ನಡುಮನೆಯಲ್ಲಿ ಮಗ್ಗ ನಿಂತಿತ್ತು. ಸೋಫಾಕ್ಕೆಂದು ನಾನು ಬಿಟ್ಟ ಬೆಳಕು ನೇರ ಮಗ್ಗಕ್ಕೆ ಹೂಡಿದ ಹಾಸುನೂಲಿನ ಮೇಲೆ ಬಿದ್ದು, ಒಂದೊಂದು ಎಳೆಯೂ ಕಾಣುತ್ತಿತ್ತು. ನಿಜ ಹೇಳುತ್ತೇನೆ, ನನ್ನ ಬಣ್ಣದ ಚಿತ್ರಕ್ಕಿಂತ ಅದು ಚೆನ್ನಾಗಿತ್ತು. ಹೈದರಾಬಾದಿನಿಂದ ಬಂದಿದ್ದ ನನ್ನ ಹಳೆಯ ಸಾಹೇಬರು ಮಗ್ಗದ ಸುತ್ತ ಮೂರು ಸುತ್ತು ಹಾಕಿ, ಫೋಟೋ ತೆಗೆದು, "ಮನೆಯ ಕಸುಬನ್ನೇ ಮನೆಯ ನಡುವೆ ಇಟ್ಟಿದ್ದೀಯ. ಎಷ್ಟು ದಿನ ಯೋಚಿಸಿದೆ?" ಅಂದರು.

"ಬಹಳ ದಿನ ಸರ್" ಅಂದೆ.

"ನಿನ್ನ ಕುರ್ಚಿ ಇನ್ನು ಬೇರೆಯವರಿಗೆ ಕೊಡ್ತೀನಿ" ಎಂದು ಬೆನ್ನು ತಟ್ಟಿದರು. ಪಕ್ಕದಲ್ಲಿದ್ದ ಅಪ್ಪ ಅವರ ಕೈಹಿಡಿದು ಊಟದ ಪಂಕ್ತಿಗೆ ಕರೆದೊಯ್ದರು. ನನಗೆ ಆ ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಮಂದಿ ಊಟಕ್ಕೆ ಹೋದ ಮೇಲೆ ಅವ್ವ ಮಗ್ಗದಿಂದಲೇ ಸನ್ನೆ ಮಾಡಿ ಕರೆದರು. ಹೋಗಿ ಕುಣಿಯಲ್ಲಿ ಕಾಲು ಇಳಿಬಿಟ್ಟು ಪಕ್ಕದಲ್ಲಿ ಕೂತೆ.

"ಮಗಳ, ಖರೇ ಹೇಳು. ಇದು ಮಗ್ಗಕ್ಕ ತೋಡ್ಸಿದ್ದಲ್ಲ, ಹೌದಲ್ಲೊ?"

ತಲೆ ತಗ್ಗಿಸಿದೆ.

"ನಂಗ ಆವತ್ತೇ ಗೊತ್ತಿತ್ತು. ಮಗ್ಗದ ಕುಣಿ ಎರಡು ಕಾಲು ಹಿಡಿದ್ರ ಸಾಕು. ನೀ ತೋಡ್ಸಿದ್ರಾಗ ನಾಕು ಎಮ್ಮಿ ಮಲಗ್ತಿದ್ದವು. ಅದಕ್ಕ ಮೇಸ್ತ್ರಿ ಕಡಿಂದ ಮುಕ್ಕಾಲು ತುಂಬಿಸಿ, ಮ್ಯಾಲ ಕಲ್ಲು ಹಾಸಿಸೀನಿ."

"ಮತ್ತ ಅವತ್ತು ಯಾಕ ಹಂಗ ಅಂದ್ರಿ ಅವ್ವಾ? ಕಣ್ಣೂ ಒರಸ್ಕೆಂಡ್ರಿ."

"ಸಿಮಿಟಿ ಧೂಳು ಬಿದ್ದಿತ್ತು. ಕೇಳ್ಕೆಂತ ನಿಂತಿದ್ರ ನನ್ನ ಮಗ ಅದರಾಗ ಸೋಫಾ ಇಡ್ತಿದ್ದ. ನನ್ನ ಮಗ್ಗನೂ ಹೋಗ್ತಿತ್ತು, ನಿನ್ನ ಹೆಸರೂ ಹೋಗ್ತಿತ್ತು. ಕೂಡಾಕ ಯಾರರ ತಗ್ಗು ತೋಡ್ತಾರೇನು?"

ಅಷ್ಟರಲ್ಲಿ ಸಾಹುಕಾರರು ಗದ್ವಾಲದ ಬೀಗರೊಬ್ಬರನ್ನು ಕರೆದುಕೊಂಡು ನಡುಮನೆಗೆ ಬಂದರು. ಬೀಗರು ಮಗ್ಗ ನೋಡಿ, ಬೆಳಕಿಂಡಿ ನೋಡಿ, ತಮ್ಮ ಮನೆಗೂ ಇಂಥದೇ ಬೇಕು ಅಂದರು. ಸಾಹುಕಾರರು ಎದೆ ಉಬ್ಬಿಸಿ, ನನ್ನ ಕಡೆ ಒಮ್ಮೆ ಕಣ್ಣು ಹೊಡೆದು, ಬೀಗರ ಕಿವಿಯ ಹತ್ತಿರ ಬಗ್ಗಿ ಅಂದರು.

"ಇದು ನಾನೇ ಹೇಳಿ ಮಾಡ್ಸಿದ್ದು. ನಮ್ಮ ಅವ್ವಗ ಗೊತ್ತಾಗ್ಲಾರ್ದಂಗ."

ಅವ್ವ ತಲೆ ಎತ್ತಲಿಲ್ಲ. ಕುಣಿಯೊಳಗೆ ಅವರ ಕಾಲು ನನ್ನ ಕಾಲನ್ನು ಮೆಲ್ಲಗೆ ಒಮ್ಮೆ ಒತ್ತಿತು, ಆಮೇಲೆ ಮಗ್ಗ ತುಳಿಯತೊಡಗಿತು.