ಅಂದಾನಪ್ಪ ಮಾಸ್ತರ ಆಯಿ

ಅಂದಾನಪ್ಪ ಮಾಸ್ತರು ಒಂದು ಶಬ್ದ ಉಳಿಸಲು ಹೋದದ್ದೇ ಇಷ್ಟಕ್ಕೆಲ್ಲ ಕಾರಣ.

ಮಾತನ್ನು ಅವರು ಬಡವರ ಮನೆಯ ತುಪ್ಪದ ಹಾಗೆ ಬಳಸುವವರು. ಬನವಾಸಿ ಕಡೆಯ ಹಳ್ಳಿಯಿಂದ ಕಾನಸೂರಿನಾಚೆಯ ಈ ರಸ್ತೆಬದಿಯ ಶಾಲೆಗೆ ಬಂದು ಒಂದು ಮಳೆಗಾಲ ಕಳೆದಿದ್ದರೂ, ಊರಿಗೆ ಅವರ ಹಣೆಯ ವಿಭೂತಿ ಗೊತ್ತಿತ್ತೇ ಹೊರತು ದನಿ ಗೊತ್ತಿರಲಿಲ್ಲ. ಅಂದು ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಅವರು ಹೆಡ್‌ಮಾಸ್ತರ ಶಾಂತಾರಾಮ ಹೆಗಡೆಯವರ ಮೇಜಿನ ಮುಂದೆ ನಿಂತು, ಒಂದಿಷ್ಟು ಹೊತ್ತು ಗಂಟಲು ಸರಿಮಾಡಿಕೊಂಡು ಹೇಳಿದರು:

“ಸರ, ನಮ್ಮ ಆಯಿ ತೀರಿಕೊಂಡಾಳ್ರಿ. ನಾಳೆ ಕಾರ್ಯ ಐತ್ರಿ. ಮಧ್ಯಾಹ್ನದ ಬಸ್ಸಿಗೆ ಬಿಡ್ರಿ.”

“ವರ್ಷದ ಕಾರ್ಯ” ಅನ್ನಬೇಕಿತ್ತು. “ವರ್ಷದ” ಎಂಬುದನ್ನು ನುಂಗಿಬಿಟ್ಟರು. ಅದರ ಮೇಲೆ ಇನ್ನೊಂದು ತೊಡಕು. ಅಂದಾನಪ್ಪನವರ ಕಡೆ ತಾಯಿ ಎಂದರೆ ಅವ್ವ, ಅಜ್ಜಿ ಎಂದರೆ ಆಯಿ. ಹೆಗಡೆಯವರ ಮನೆಮಾತಿನಲ್ಲಿ ಆಯಿ ಎಂದರೆ ಹೆತ್ತ ತಾಯಿ. ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದು, ಕನ್ನಡನಾಡು ಒಂದಾಗಿ ನಾಲ್ಕು ವರ್ಷವಾಗಿತ್ತು. ಈ ಎರಡು ಆಯಿಯರನ್ನು ಒಂದು ಮಾಡಲು ಮಾತ್ರ ಯಾರಿಗೂ ಪುರುಸೊತ್ತಾಗಿರಲಿಲ್ಲ.

ಹೆಗಡೆಯವರು ಇರುವೆ ಕಚ್ಚಿದವರ ಹಾಗೆ ಕುರ್ಚಿಯಿಂದ ಎದ್ದರು. “ಎಂತ ಮಾರಾಯ್ರೆ! ಆಯಿ ಹೋಗಿದ್ದಾರೆ, ನೀವು ಇಲ್ಲಿ ಬಂದು ಮಗ್ಗಿ ಹೇಳಿಸ್ತಾ ಇದ್ದೀರಿ? ಸೂತಕ ಗೀತಕ ಬೇಡವೋ?”

“ನಮ್ಮೊಳಗ ಸೂತಕ ಇಲ್ರಿ.”

“ಸೂತಕ ಇಲ್ಲ ಅಂತ ದುಃಖವೂ ಇಲ್ವೋ? ಪ್ರಾಯ ಎಷ್ಟಾಗಿತ್ತು?”

“ಎಂಬತ್ತೆಂಟ್ರಿ.”

ಹೆಗಡೆಯವರು ಎದುರಿಗಿದ್ದ ಇಪ್ಪತ್ತೆಂಟರ ಮುಖವನ್ನು ನೋಡಿ ಮನಸ್ಸಿನಲ್ಲೇ ಕಳೆದರು. ಅರವತ್ತು ಬಂತು. ಲೆಕ್ಕ ತಪ್ಪಿತೇನೋ ಎಂದು ಇನ್ನೊಮ್ಮೆ ಕಳೆದರು. ಮುಪ್ಪಿನಲ್ಲಿ ಹುಟ್ಟಿದ ಮಗ! “ನಿಮ್ಮ ಮೇಲೆ ಅಕ್ಕರೆ ಎಷ್ಟಿದ್ದಿರಬೇಕು ಮಾಸ್ತರೆ!” ಎಂದರು.

“ಭಾಳ ಇತ್ರಿ,” ಎನ್ನುವಾಗ ಅಂದಾನಪ್ಪನವರ ಕಣ್ಣು ನಿಜವಾಗಿಯೂ ತುಂಬಿತು. ಅವರನ್ನು ಬೆಳೆಸಿದವಳೇ ಆಯಿ ನೀಲಗಂಗವ್ವ. ನಾಳೆ ಮುಂಜಾನೆ ಊರಿನ ಮನೆಯಲ್ಲಿ ಜಂಗಮರ ಪಾದಪೂಜೆಯಾದ ಮೇಲೆ ಆಯಿಯ ಬಗ್ಗೆ ನಾಲ್ಕು ಮಾತು ಆಡಬೇಕಾದವರು ಇವರೇ. ಹುಟ್ಟಿದ ಮೇಲೆ ಮನೆಯವರು ಇವರನ್ನು ಮಾತಾಡು ಎಂದದ್ದು ಇದೇ ಮೊದಲು. ತಿಂಗಳಿಂದ ಬಾಡಿಗೆ ಕೋಣೆಯಲ್ಲಿ ಗೋಡೆಗೆ ಆಡಿ ಆಡಿ ಬಾಯಿಪಾಠ ಮಾಡಿಕೊಂಡಿದ್ದರು. ಮಧ್ಯಾಹ್ನದ ಬಸ್ಸು ತಪ್ಪಿದರೆ ಶಿರಸಿಯಿಂದ ಬನವಾಸಿಗೆ ಹೋಗುವ ಬಸ್ಸೂ ತಪ್ಪಿತು, ಆಯಿಯ ಮಾತು ಗೋಡೆಗೇ ಉಳಿಯಿತು.

ಹೆಗಡೆಯವರ ಮನೆ ಶಾಲೆಯ ಬೇಲಿಗೆ ತಾಗಿಕೊಂಡಿತ್ತು. ಕಿಟಕಿಯಿಂದಲೇ ಕೂಗಿದರು: “ಕೇಳಿದ್ಯನೇ, ಮಾಸ್ತರ ಆಯಿ ತೀರಿಹೋತಡ!”

“ಅಯ್ಯೋ ದೇವರೇ! ಎಂತ ಆಗಿತ್ತಡ?” ಎನ್ನುತ್ತ ಹೆಂಡತಿ ದೇವಿ ಕಷಾಯದ ಲೋಟದ ಸಮೇತ ಬಂದೇಬಿಟ್ಟಳು. “ಕುಡೀರಿ ಮಾಸ್ತರೆ. ಯಾರು ಹೋದ್ರೂ ತಡಕೊಳ್ಳಬಹುದು, ಆಯಿ ಹೋದ್ರೆ ಹೊಟ್ಟೆಗೆ ಬೆಂಕಿ ಇಟ್ಟ ಹಾಗೆ.”

ಈ ಕಡೆಯ ಜನಕ್ಕೆ ಅಜ್ಜಿಯರ ಮೇಲೆ ಎಂಥ ಭಕ್ತಿ ಎಂದು ಅಂದಾನಪ್ಪನವರು ಬೆರಗಾದರು.

ಎರಡನೆಯ ಮಾಸ್ತರ ಮಂಜಪ್ಪನಿಗೆ ಸುದ್ದಿ ಸಿಕ್ಕಿದರೆ ಬೆಕ್ಕಿನ ಬಾಲಕ್ಕೆ ಡಬ್ಬ ಕಟ್ಟಿದ ಹಾಗೆ. ಊರೆಲ್ಲ ಸುತ್ತಿ ಬಂದ. “ಸಂತಾಪ ಸಭೆ ಮಾಡ್ದೆ ಕಳಿಸಿದ್ರೆ ನಾಳೆ ನಮ್ಮನ್ನ ಜನ ಎಂತ ಅಂತಾರೆ ಸರ್?” ಎಂದ.

“ಬ್ಯಾಡ್ರಿ, ಬಸ್ಸು...” ಎಂದರು ಅಂದಾನಪ್ಪ.

“ಬಸ್ಸು ನಮ್ಮ ಶಾಲೆ ಎದುರೇ ನಿಲ್ತದೆ. ನೀವು ಸುಮ್ನೆ ಕೂತ್ಕೊಳ್ಳಿ,” ಎಂದು ಹೆಗಡೆಯವರು ಶಾಲೆಗೆ ರಜ ಸಾರಿದರು. ಮಕ್ಕಳು ಹೋ ಎಂದು ಕೂಗಲು ಬಾಯಿ ತೆರೆದು, ಮಂಜಪ್ಪನ ಕಣ್ಣು ನೋಡಿ ಅಳುಮುಖ ಮಾಡಿಕೊಂಡವು.

ಊರವರು ಒಬ್ಬೊಬ್ಬರಾಗಿ ಬಂದು ನೆರೆಯುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂತು. ಹೆಗಡೆಯವರು ಮಾತೆಯ ಮಹಿಮೆಯನ್ನು ಪುರಾಣಗಳಿಂದ ಹೆಕ್ಕಿ ಹೆಕ್ಕಿ ಹೇಳಿದರು. ಮಾತೆ ಎಂದದ್ದು ಅಂದಾನಪ್ಪನವರಿಗೆ ತಪ್ಪೆನಿಸಲಿಲ್ಲ. ಸಾಕಿದವಳು ಮಾತೆಯೇ ತಾನೆ? ಅವರ ಒಂದು ಕಣ್ಣು ರಸ್ತೆಯ ಮೇಲಿತ್ತು.

“ಇನ್ನು ನೀವೇ ಎರಡು ಮಾತು ಆಡಿ,” ಎಂದರು ಹೆಗಡೆಯವರು.

ಅಂದಾನಪ್ಪನವರು ಎದ್ದು ನಿಂತರು. ಕಣ್ಣು ಮುಚ್ಚಿ “ಶಿವಾ” ಎಂದರು. ಅಷ್ಟೇ, ಗೋಡೆಗೆ ಆಡಿದ ಮಾತೆಲ್ಲ ನೂಲಿನಂತೆ ಬಿಚ್ಚಿಕೊಂಡಿತು. ನಸುಕಿನಲ್ಲಿ ಆಯಿ ಜೋಳ ಬೀಸುತ್ತ ವಚನ ಹೇಳುತ್ತಿದ್ದದ್ದು. ಆಕೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದರೆ ಬೀಸುವ ತೂಗಾಟಕ್ಕೇ ವಚನ ಮೈಯೊಳಗೆ ಇಳಿಯುತ್ತಿದ್ದದ್ದು. ಹಸಿದು ಬಂದವನನ್ನು ಯಾರ ಪೈಕಿ ಎಂದು ಕೇಳದೆ ಉಣ್ಣಲು ಕೂರಿಸುತ್ತಿದ್ದದ್ದು. ದೇವಿ ಸೆರಗಿನಿಂದ ಮೂಗು ಒರೆಸಿದಳು. ಅಂದಾನಪ್ಪನವರು ರಸ್ತೆಯನ್ನು ಮರೆತರು.

“ನಮ್ಮ ಆಯಿ ಗಟ್ಟಿಗಿತ್ತಿರಿ. ನಮ್ಮಪ್ಪನ್ನ ಸೊಂಟದ ಮ್ಯಾಲೆ ಕುಂದ್ರಿಸಿಕೊಂಡು ತುಂಬಿದ ವರದಾ ಹೊಳಿ ದಾಟಿದ್ಲು.”

ಸಭೆಯಲ್ಲಿ ತಲೆಗಳು ಅಲ್ಲಾಡಿದವು. “ಅಪ್ಪಂಗೆ ಕಾಲಿನ ತೊಂದ್ರೆ ಇತ್ತು ಕಾಣ್ತದೆ,” ಎಂದು ಮಂಜಪ್ಪ ಪಿಸುಗುಟ್ಟಿದ.

“ಅಪ್ಪ ದಿನಾ ಹಾಸಿಗ್ಯಾಗ ಉಚ್ಚಿ ಹೊಯ್ಕೊತಿದ್ದ. ಆಯಿ ಒಂದಿನ ಬ್ಯಾಸರ ಮಾಡ್ಕೊಳ್ಳಿಲ್ಲ.”

“ಪಾಪ, ಎಂಥ ಗಂಡನ್ನ ಕಟ್ಟಿಕೊಂಡಿದ್ಲೋ,” ಎಂದಳು ದೇವಿ.

“ಅಪ್ಪ ಸಾಲಿ ತಪ್ಪಿಸಿ ಓಡಿ ಬಂದ್ರ ಹುಣಸಿ ಬರಲಿನಿಂದ ಬಾರಿಸಿ, ಕಿವಿ ಹಿಡಿದು ತಿರುಗಿ ಸಾಲಿಗೆ ಬಿಟ್ಟು ಬರತಿದ್ಲು.”

“ಬಾಲ್ಯವಿವಾಹ,” ಎಂದು ಹೆಗಡೆಯವರು ಪಕ್ಕದವರಿಗೆ ವಿವರಿಸಿದರು. “ಹೆಣ್ಣು ಸ್ವಲ್ಪ ದೊಡ್ಡದು.”

“ಕಡೀಗೆ ಊರೂರು ತಿರುಗಿ, ತಾನೇ ಹೆಣ್ಣು ನೋಡಿ, ಅಪ್ಪನ ಮದುವಿ ಮಾಡಿದ್ಲು!”

ದೇವಿ ಎದ್ದೇ ನಿಂತಳು. “ಅಷ್ಟು ಚಾಕರಿ ಮಾಡಿದ ಮೇಲೆ ಸವತಿಯನ್ನೂ ತಾನೇ ತಂದ್ಲೋ? ಇದು ಮಾತ್ರ ಅತಿಯಾತು!”

“ತ್ಯಾಗ!” ಹೆಗಡೆಯವರು ಸಭೆಯತ್ತ ಬೆರಳೆತ್ತಿದರು. “ಮಹಾಸಾಧ್ವಿ!”

“ಆ ಹೆಣ್ಣು ನಾನೇ,” ಎಂದಿತು ಬಾಗಿಲಿನಿಂದ ಒಂದು ದನಿ.

ಎಲ್ಲರೂ ತಿರುಗಿದರು. ಇಳಕಲ್ ಸೀರೆಯ ಗಟ್ಟಿಮುಟ್ಟಾದ ಹೆಂಗಸೊಬ್ಬಳು ಚೀಲ ಹಿಡಿದು ನಿಂತಿದ್ದಳು. ಅಂದಾನಪ್ಪನವರ ಅವ್ವ ಪಾರ್ವತವ್ವ. ಕಾರ್ಯದ ಸಾಮಾನಿಗೆ ಶಿರಸಿಗೆ ಬಂದವಳು, ಈ ಮೂಕಪ್ಪ ರಜ ಕೇಳಲು ನಾಚಿ ಅಲ್ಲೇ ಕೂತಾನು ಎಂದು ಹೆದರಿ ಕರೆದೊಯ್ಯಲು ಇಲ್ಲಿಯವರೆಗೆ ಬಂದಿದ್ದಳು.

“ಬನ್ನಿ, ಬನ್ನಿ. ಇವರು ಮಾಸ್ತರ ಚಿಕ್ಕಮ್ಮ,” ಎಂದು ಹೆಗಡೆಯವರು ಸಭೆಗೆ ಪರಿಚಯಿಸಿದರು.

“ಯಾರಿಗ್ರಿ ಚಿಕ್ಕಮ್ಮ? ಇವನ್ನ ಹಡದಾಕಿ ನಾನು!”

“ಹಾಗಾದ್ರೆ ತೀರಿಕೊಂಡ ಆಯಿ?”

“ನಮ್ಮತ್ತಿ, ನೀಲಗಂಗವ್ವ. ಇವನ ಅಜ್ಜಿ. ಹೋಗಿ ವರ್ಷ ಆತಲ್ರಿ!”

ಸಭೆ ಒಮ್ಮೆಲೇ ಮಾತಾಡತೊಡಗಿತು. ಹೊಳೆ ದಾಟಿದ ಅಪ್ಪ ಕೂಸಾದ. ಹಾಸಿಗೆ, ಹುಣಸೆ ಬರಲು, ಮದುವೆ ಎಲ್ಲ ತಂತಮ್ಮ ಜಾಗಕ್ಕೆ ಹೋಗಿ ಕೂತವು. ಮಂಜಪ್ಪ ನಗು ತಡೆಯಲಾರದೆ ಕಂಬ ಅಪ್ಪಿಕೊಂಡ. ಪಾರ್ವತವ್ವನಿಗೂ ಸಂಗತಿ ತಿಳಿಯಿತು.

“ಅಂದ್ರ, ಇಷ್ಟು ಮಂದಿ ಕೂಡಿದ್ದು ನಾ ಸತ್ತೀನಂತ?”

“ಕ್ಷಮಿಸಬೇಕು, ತಾಯಿ...” ಹೆಗಡೆಯವರು ಕೈಮುಗಿದರು.

“ಅದಕ್ಕ ನನಗೇನು ಸಿಟ್ಟಿಲ್ರಿ.” ಆಕೆ ಮಗನ ಕಡೆ ತಿರುಗಿದಳು. “ಆದ್ರ ಅಂದಾನಿ, ನಿಮ್ಮ ಆಯಿ ಇದ್ದಾಗ ಆ ಮನ್ಯಾಗ ನನ್ನ ಮಾತಿಗೆ ಜಾಗ ಇರಲಿಲ್ಲ. ಈಗ ನಾ ಸತ್ತ ಸಭಾದಾಗೂ ಆಕೀದೇ ಮಾತೇನೋ? ನಾ ಬಾಗಿಲದಾಗ ನಿಂತು ಎಲ್ಲಾ ಕೇಳೇನಿ. ನನ್ನ ಹೆಸರು ಒಂದು ಸಲ ಬರಲಿಲ್ಲ!”

“ಅವ್ವಾ, ಬಸ್ಸು...”

“ಬಸ್ಸು ಹೋಗ್ಲಿ. ನಾ ಸತ್ತ ಮ್ಯಾಲೆ ಏನು ಹೇಳ್ತೀ, ಅದನ್ನ ಈಗೇ ಹೇಳು. ಕೇಳಿಯೇ ಹೋಗ್ತೀನಿ.”

“ಹೇಳಿ ಮಾಸ್ತರೆ,” ಎಂದಳು ದೇವಿ. “ಹೆತ್ತವಳ ಬಗ್ಗೆ ಎರಡು ಮಾತು ಬೇಡವೋ?”

“ಹೇಗೂ ರಜ ಕೊಟ್ಟಾಗಿದೆ,” ಎಂದು ಹೆಗಡೆಯವರು ತಮ್ಮ ಕುರ್ಚಿಯನ್ನೇ ಪಾರ್ವತವ್ವನಿಗೆ ಸರಿಸಿಕೊಟ್ಟರು.

ಅಂದಾನಪ್ಪನವರು ಮತ್ತೆ ಕಣ್ಣು ಮುಚ್ಚಿ “ಶಿವಾ” ಎಂದರು. ಆಗ ಹೊಳೆಯಿತು: ಅವ್ವನ ವಿಷಯವಾಗಿ ಅವರಿಗೆ ಗೊತ್ತಿದ್ದದ್ದೆಲ್ಲ ಆಯಿಯ ಬಾಯಿಂದ ಕೇಳಿದ್ದು. ಅದರಲ್ಲಿ ಒಂದನ್ನಾದರೂ ನಾಲ್ಕು ಜನರ ಮುಂದೆ ಆಡುವ ಹಾಗಿರಲಿಲ್ಲ.

ಹೊರಗೆ ಶಿರಸಿಯ ಬಸ್ಸು ಬಂದು ನಿಂತಿತು, ಹಾರ್ನ್ ಹಾಕಿತು, ಹೋಯಿತು.

“ನಮ್ಮ ಅವ್ವನ ರೊಟ್ಟಿ...” ಎಂದು ಅಂದಾನಪ್ಪನವರು ಶುರು ಮಾಡಿದರು.

“ಹಾಂ, ರೊಟ್ಟಿ,” ಎಂದು ಪಾರ್ವತವ್ವ ಸೆರಗು ಸರಿಮಾಡಿಕೊಂಡು ಕುರ್ಚಿಯಲ್ಲಿ ನೆಟ್ಟಗೆ ಕೂತಳು. “ಮುಂದ ಹೇಳು.”